ಮೊಣಕೈಯ ಕಿಂಡಿ

ಅರಸೀಕೆರೆಯ ಬಳಿಯ ಮಾಲೇಕಲ್ಲು ಬೆಟ್ಟಕ್ಕೆ ನಾವು ಒಮ್ಮೆ ನಮ್ಮ ವಿದ್ಯಾರ್ಥಿಗಳೊಡನೆ ಹೋಗಿದ್ದೆವು. ಬೆಟ್ಟದ ಮೇಲಿನ ವೆಂಕಟರಮಣಸ್ವಾಮಿಯ ಗುಡಿಯನ್ನು ಸೇರಲು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಬೇಕು. ಇಳಿಯುವಾಗ ಹುಡುಗನೊಬ್ಬನು ಕಾಲು ಜಾರಿ, ಪಕ್ಕದ ಬಂಡೆಗೆ ಮೊಣಕೈ ತಾಗಿಸಿಕೊಂಡನು. ಗಾಯವೇನೂ ಆಗಲಿಲ್ಲ. ಆದರೆ ಅವನು ಕೈಯನ್ನು ಕೊಡವುತ್ತ, “ಸಾರ್, ಕರೆಂಟು ಹೊಡೆದ ಹಾಗಾಯಿತು. ಏಟು ಬಿದ್ದದ್ದು ಮೊಣಕೈಗೆ, ಜುಮ್ಮೆಂದದ್ದು ಕಿರುಬೆರಳು! ಇದು ಹೇಗೆ?” ಎಂದು ಕೇಳಿದನು.

ಬೆಟ್ಟದ ಬುಡದಲ್ಲಿ ಹಣ್ಣುಕಾಯಿ ಮಾರುತ್ತಿದ್ದ ಹಿರಿಯರೊಬ್ಬರು ಈ ಮಾತನ್ನು ಕೇಳಿ ತಮ್ಮ ಬಲಗೈಯನ್ನು ನಮ್ಮ ಮುಂದೆ ಚಾಚಿದರು. ಅದು ಪೂರ್ತಿಯಾಗಿ ನೆಟ್ಟಗಾಗಲಿಲ್ಲ. ಮಡಿಸಿದರೆ ಬಾಯಿಗೂ ಎಟುಕಲಿಲ್ಲ. “ನಿಮ್ಮ ಹುಡುಗನದು ಜುಮ್ಮೆಂದು ಹೋಯಿತು ಮೇಷ್ಟ್ರೇ, ನನ್ನದು ನೋಡಿ. ನಾಲ್ಕು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದೆ. ಕಟ್ಟು ಕಟ್ಟಿಸಿ, ಎಣ್ಣೆ ಹಾಕಿ ನೀವಿಸಿದೆ. ಕೈ ಹೀಗೇ ನಿಂತುಬಿಟ್ಟಿತು. ಈಗ ಪೇಟೆಯ ಡಾಕ್ಟರು ಎರಡು ಮೂರು ಸಣ್ಣ ತೂತು ಮಾಡಿ ಒಳಗಿನದನ್ನು ಬಿಡಿಸುತ್ತೇನೆ ಅನ್ನುತ್ತಾರೆ. ತೂತು ಸಣ್ಣದೇ ಇರಬಹುದು, ಒಳಗೆ ನರ ಇದಾವಲ್ಲ? ಅದಕ್ಕೇನಾದರೂ ತಾಕಿದರೆ? ಮೊಣಕೈ ಬಾಗದಿದ್ದರೂ ಎಡಗೈಯಲ್ಲಿ ಉಂಡು ಬದುಕುತ್ತೇನೆ. ಬೆರಳೇ ಹೋದರೆ ಏನು ಮಾಡಲಿ?” ಎಂದರು.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರು. ಆದರೆ ಆ ಹಿರಿಯರ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುತ್ತ ಹೋದಂತೆ, ಅದಕ್ಕೆ ಉತ್ತರವು ಬಹುಮಟ್ಟಿಗೆ ದೂರ, ಒತ್ತಡ ಮತ್ತು ಬೆಳಕುಗಳ ಲೆಕ್ಕದಲ್ಲಿಯೇ ಅಡಗಿದೆ ಎಂಬುದು ನಮಗೆ ಮನವರಿಕೆಯಾಯಿತು. ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೂರು ಎಲುಬು, ಮೂರು ನರ

ಮೊಣಕೈ ಮೂರು ಎಲುಬುಗಳು ಕೂಡುವ ಸ್ಥಾನ. ಮೇಲಿನಿಂದ ರಟ್ಟೆಯ ಎಲುಬಾದ ಹ್ಯೂಮರಸ್, ಕೆಳಗಿನಿಂದ ಮುಂದೋಳಿನ ಎಲುಬುಗಳಾದ ಅಲ್ನಾ ಮತ್ತು ರೇಡಿಯಸ್ ಇಲ್ಲಿ ಸಂಧಿಸುತ್ತವೆ. ಈ ಸಂಧಿಯನ್ನು ಸುತ್ತಲೂ ತೆಳುವಾದ, ಆದರೆ ಗಟ್ಟಿಯಾದ ಒಂದು ಚೀಲವು ಮುಚ್ಚಿಕೊಂಡಿರುತ್ತದೆ. ಅದನ್ನು ಕೀಲುಚೀಲವೆಂದು ಕರೆಯೋಣ.

ಬೆರಳುಗಳಿಗೆ ಹೋಗುವ ಆಜ್ಞೆಗಳೂ ಬೆರಳುಗಳಿಂದ ಬರುವ ಸುದ್ದಿಗಳೂ ಈ ಕೀಲನ್ನು ದಾಟಿಯೇ ಸಾಗಬೇಕು. ಅವನ್ನು ಒಯ್ಯುವ ಮುಖ್ಯ ನರಗಳು ಮೂರು. ಮೀಡಿಯನ್ ನರವು ಕೀಲಿನ ಮುಂಭಾಗದಲ್ಲಿ, ದೊಡ್ಡ ರಕ್ತನಾಳದ ಜೊತೆಯಲ್ಲಿ ಹಾಯುತ್ತದೆ. ಅದಕ್ಕೂ ಕೀಲುಚೀಲಕ್ಕೂ ನಡುವೆ ಮಾಂಸಖಂಡದ ಒಂದು ಪದರವಿರುವುದು ಅದರ ಭಾಗ್ಯ. ರೇಡಿಯಲ್ ನರವು ಮುಂಭಾಗದ ಹೊರಮಗ್ಗುಲಿನಲ್ಲಿ, ಕೀಲುಚೀಲಕ್ಕೆ ಬಹು ಸಮೀಪದಲ್ಲಿ ಇಳಿಯುತ್ತದೆ. ಅದರ ಒಳಕವಲು ರೇಡಿಯಸ್ ಎಲುಬಿನ ಕತ್ತನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಬೆರಳುಗಳನ್ನು ಮೇಲೆತ್ತುವ ಸ್ನಾಯುಗಳನ್ನು ಸೇರುತ್ತದೆ. ಮೂರನೆಯದಾದ ಅಲ್ನಾರ್ ನರವು ಮೊಣಕೈಯ ಒಳಮಗ್ಗುಲಿನ ಎಲುಬುಗಂಟಿನ ಹಿಂದೆ, ಎಲುಬಿಗೆ ಅಂಟಿಕೊಂಡ ಒಂದು ತೋಡಿನಲ್ಲಿ ಹಾಯುತ್ತದೆ.

ವಾಚಕರು ತಮ್ಮ ಕೈಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮೊಣಕೈಯನ್ನು ಅರ್ಧ ಮಡಿಸಿ, ಒಳಗಂಟಿನ ಹಿಂಬದಿಯನ್ನು ಬೆರಳಿನಿಂದ ಮೆಲ್ಲನೆ ಸವರಿದರೆ, ದಪ್ಪ ದಾರದಂತಹ ಒಂದು ವಸ್ತು ಬೆರಳಡಿಯಲ್ಲಿ ಉರುಳುತ್ತದೆ. ಅದೇ ಅಲ್ನಾರ್ ನರ. ನಮ್ಮ ಹುಡುಗನ ಮೊಣಕೈ ಬಂಡೆಗೆ ತಾಗಿದಾಗ ಬಂಡೆಗೂ ಎಲುಬಿಗೂ ನಡುವೆ ಸಿಕ್ಕಿಕೊಂಡದ್ದು ಈ ನರವೇ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸ್ಪರ್ಶದ ಸುದ್ದಿಯನ್ನು ಒಯ್ಯುವುದು ಇದರ ಕೆಲಸ. ದಾರಿಯ ನಡುವೆ ಎಬ್ಬಿಸಿದ ಸುದ್ದಿಯೂ ಬೆರಳಿನಿಂದಲೇ ಹೊರಟು ಬಂದುದೆಂದು ಮಿದುಳು ಭಾವಿಸುತ್ತದೆ. ಆದುದರಿಂದಲೇ ಏಟು ಒಂದು ಕಡೆ, ಜುಮ್ಮು ಮತ್ತೊಂದು ಕಡೆ.

ಹುಡುಗನು ಹೇಳಿದ “ಕರೆಂಟು” ಪೂರ್ತಿ ತಪ್ಪಾದ ಮಾತಲ್ಲ. ನರದ ಸುದ್ದಿ ವಿದ್ಯುತ್ತಿನ ಸ್ವರೂಪದ್ದೇ. ಆದರೆ ತಂತಿಯಲ್ಲಿ ಹರಿಯುವ ಪ್ರವಾಹದಂತಲ್ಲದೆ, ನರತಂತುವಿನ ಪೊರೆಯ ಒಳಕ್ಕೂ ಹೊರಕ್ಕೂ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಚಲಿಸುವುದರಿಂದ ಹುಟ್ಟಿ, ಅಲೆಯಂತೆ ಮುಂದುವರಿಯುತ್ತದೆ. ೧೮೫೦ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಇದರ ವೇಗವನ್ನು ಅಳೆದು, ಅದು ಸೆಕೆಂಡಿಗೆ ಸುಮಾರು ೩೦ ಮೀಟರು ಮಾತ್ರವೆಂದು ತೋರಿಸಿದನು. ಮನುಷ್ಯನ ಮುಂದೋಳಿನ ನರಗಳಲ್ಲಿ ಇದು ಸೆಕೆಂಡಿಗೆ ೫೦ರಿಂದ ೬೦ ಮೀಟರಿನಷ್ಟು.

ಕಿಂಡಿಯಿಂದ ನೋಡುವ ಕೊಳವೆ

ಉಡುಪಿಯ ಕನಕನ ಕಿಂಡಿಯನ್ನು ಕಂಡವರಿಗೆ, ಸಣ್ಣ ರಂಧ್ರದಿಂದ ದೊಡ್ಡದನ್ನು ನೋಡಬಹುದೆಂಬುದನ್ನು ಹೇಳಬೇಕಾಗಿಲ್ಲ. ಕೀಲಿನೊಳಕ್ಕೆ ನೋಡುವ ಪ್ರಯತ್ನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು. ೧೯೧೮ರಲ್ಲಿ ಟೋಕಿಯೋ ನಗರದ ಕೆಂಜಿ ತಕಾಗಿ, ಮೂತ್ರಕೋಶವನ್ನು ನೋಡುವ ಕೊಳವೆಯನ್ನು ಮೃತದೇಹದ ಮಂಡಿಯೊಳಕ್ಕೆ ತೂರಿಸಿ ನೋಡಿದನು. ೧೯೩೧ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಅನೇಕ ಕೀಲುಗಳನ್ನು ಹೀಗೆ ಪರೀಕ್ಷಿಸಿ, ಮೊಣಕೈ ಮಾತ್ರ ಇಂತಹ ಪರೀಕ್ಷೆಗೆ ತಕ್ಕುದಲ್ಲವೆಂದು ಬರೆದನು. ಅಲ್ಲಿ ಸ್ಥಳ ಇಕ್ಕಟ್ಟು, ನರಗಳು ತೀರ ಹತ್ತಿರ. ಮರುವರ್ಷವೇ ಅವನು ಆ ಅಭಿಪ್ರಾಯವನ್ನು ಸಡಿಲಿಸಿದನಾದರೂ, ಮೊಣಕೈಯ ಕಿಂಡಿ ಶಸ್ತ್ರಕ್ರಿಯೆಯು ಕ್ರಮಬದ್ಧವಾಗಿ ಬಳಕೆಗೆ ಬಂದುದು ೧೯೮೦ರ ದಶಕದಲ್ಲಿ.

ಇಷ್ಟು ತಡವಾದುದಕ್ಕೆ ಬೆಳಕಿನ ಸಮಸ್ಯೆಯೂ ಒಂದು ಕಾರಣ. ಹಳೆಯ ಕೊಳವೆಗಳ ತುದಿಯಲ್ಲಿ ಒಂದು ಪುಟ್ಟ ಬಲ್ಬು ಇರುತ್ತಿತ್ತು. ಅದು ಬಿಸಿಯಾಗುತ್ತಿತ್ತು, ಒಡೆಯುವ ಭಯವೂ ಇತ್ತು. ೧೯೫೪ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯೂ ಅವರ ಗುರು ಹೆರಾಲ್ಡ್ ಹಾಪ್‌ಕಿನ್ಸರೂ ಕೂಡಿ, ಕೂದಲೆಳೆಯಂತಹ ಗಾಜಿನ ತಂತುಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸಬಹುದೆಂದು ಪ್ರಕಟಿಸಿದರು. ಹೈಸ್ಕೂಲಿನಲ್ಲಿ ಕಲಿಯುವ ಪೂರ್ಣ ಆಂತರಿಕ ಪ್ರತಿಫಲನವೇ ಇದರ ತತ್ತ್ವ: ಗಾಜಿನೊಳಗಿನ ಬೆಳಕು ಅಂಚನ್ನು ಓರೆಯಾಗಿ ಮುಟ್ಟಿದಾಗ ಹೊರಬೀಳದೆ ಒಳಕ್ಕೇ ಮರಳುತ್ತ ಸಾಗುತ್ತದೆ. ಬಿಸಿಯಾಗುವ ದೀಪವನ್ನು ಹೊರಗಿಟ್ಟು, ಬೆಳಕನ್ನು ಮಾತ್ರ ಒಳಕ್ಕೆ ಕಳಿಸಲು ಇದರಿಂದ ಸಾಧ್ಯವಾಯಿತು. ಅದೇ ಹಾಪ್‌ಕಿನ್ಸರು ೧೯೫೯ರ ವೇಳೆಗೆ, ಕೊಳವೆಯಲ್ಲಿ ತೆಳು ಮಸೂರಗಳ ನಡುವೆ ಗಾಳಿಯನ್ನು ಬಿಡುವುದಕ್ಕೆ ಬದಲಾಗಿ ಉದ್ದನೆಯ ಗಾಜಿನ ದಂಡಗಳನ್ನೇ ಜೋಡಿಸಿದರು. ಬಿಂಬವು ಹಿಂದಿನದಕ್ಕಿಂತ ಬಹಳ ಕಾಂತಿಯುತವಾಯಿತು.

ಇಂದು ಮೊಣಕೈಗೆ ಸಾಮಾನ್ಯವಾಗಿ ಬಳಸುವ ಕೊಳವೆಯ ವ್ಯಾಸ ೪ ಮಿಲಿಮೀಟರು. ಅದರ ತುದಿಯ ನೋಟ ನೇರವಾಗಿರದೆ ೩೦ ಡಿಗ್ರಿ ಓರೆಯಾಗಿರುತ್ತದೆ. ಕೊಳವೆಯನ್ನು ಇದ್ದಲ್ಲಿಯೇ ತಿರುಗಿಸಿದರೆ ನೋಟವು ಸುತ್ತಲೂ ಹರಿಯುತ್ತದೆ. ಕಡಮೆ ಅಲುಗಾಟದಿಂದ ಹೆಚ್ಚು ನೋಡುವುದು ಇಕ್ಕಟ್ಟಿನ ಸ್ಥಳದಲ್ಲಿ ದೊಡ್ಡ ಅನುಕೂಲ.

ಆದರೆ ಒಂದು ಸಂಗತಿಯನ್ನು ಇಲ್ಲಿ ಮರೆಯಬಾರದು. ಕೊಳವೆ ತೋರಿಸುವುದು ಕೀಲುಚೀಲದ ಒಳಗನ್ನು ಮಾತ್ರ. ನರಗಳಿರುವುದು ಚೀಲದ ಹೊರಗೆ. ಶಸ್ತ್ರವೈದ್ಯನು ಕಾಪಾಡಬೇಕಾದ ವಸ್ತುವು ಸಾಮಾನ್ಯವಾಗಿ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಮಡಿಸುವುದು, ತುಂಬುವುದು, ತೂರಿಸುವುದು

ಕಾಣದ ನರವನ್ನು ಕಾಪಾಡುವ ಮೊದಲ ಸಾಧನ ಶಾಯಿ. ಕಿಂಡಿ ಮಾಡುವುದಕ್ಕೆ ಮುಂಚೆಯೇ ಎಲುಬುಗಂಟುಗಳನ್ನೂ ಅಲ್ನಾರ್ ನರದ ದಾರಿಯನ್ನೂ ಚರ್ಮದ ಮೇಲೆ ಗೆರೆಯೆಳೆದು ಗುರುತಿಸುತ್ತಾರೆ. ಒಳಕ್ಕೆ ನೀರು ಹೋಗಿ ಕೈ ಊದಿಕೊಂಡ ಮೇಲೆ ಈ ಗುರುತುಗಳು ಕೈಗೆ ಸಿಕ್ಕುವುದಿಲ್ಲ. ೧೯೫೬ರಲ್ಲಿ ಚೈಲ್ಡ್ರೆಸ್ ಎಂಬ ವೈದ್ಯನು ಸಾವಿರ ಜನರನ್ನು ಪರೀಕ್ಷಿಸಿ, ನೂರಕ್ಕೆ ಸುಮಾರು ೧೬ ಜನರಲ್ಲಿ ಮೊಣಕೈ ಮಡಿಸಿದಾಗ ಅಲ್ನಾರ್ ನರವು ತೋಡಿನಿಂದ ಮುಂದಕ್ಕೆ ಜಾರುತ್ತದೆಂದು ಕಂಡನು. ಅಂತಹವರಲ್ಲಿ ಪುಸ್ತಕದ ಚಿತ್ರವನ್ನು ನಂಬಿ ಒಳಬದಿಯಲ್ಲಿ ಕಿಂಡಿ ಮಾಡಿದರೆ ನರವೇ ಸಿಕ್ಕಿಬೀಳಬಹುದು. ಆದುದರಿಂದ ಪ್ರತಿಯೊಬ್ಬರ ಕೈಯನ್ನೂ ಮುಟ್ಟಿಯೇ ನೋಡಬೇಕು.

ಎರಡನೆಯದು ಮೊಣಕೈಯನ್ನು ಸಮಕೋನಕ್ಕೆ ಮಡಿಸುವುದು. ಬಾಗಿಲಿನ ತಿರುಗಣೆಯ ಎರಡು ಬದಿಗೂ ಒಂದೊಂದು ಹಗ್ಗವನ್ನು ಕಟ್ಟಿದೆವೆನ್ನೋಣ. ಬಾಗಿಲು ಮಡಿಸುವ ಬದಿಯ ಹಗ್ಗ ಸಡಿಲವಾಗುತ್ತದೆ. ಎದುರು ಬದಿಯದು ಬಿಗಿಯುತ್ತದೆ. ಅದೇ ರೀತಿ ಮೊಣಕೈ ಮಡಿಸಿದಾಗ ಮುಂಭಾಗದ ಮೀಡಿಯನ್ ಮತ್ತು ರೇಡಿಯಲ್ ನರಗಳು ಸಡಿಲಗೊಂಡು ಎಲುಬಿನಿಂದ ದೂರ ಸರಿಯುತ್ತವೆ. ಹಿಂಬದಿಯ ಅಲ್ನಾರ್ ನರಕ್ಕೆ ಈ ಲಾಭವಿಲ್ಲ.

ಮೂರನೆಯದು ನೀರು, ಅಂದರೆ ರಕ್ತದ ಸಾಂದ್ರತೆಗೆ ಹೊಂದುವ ಉಪ್ಪುನೀರು. ಆರೋಗ್ಯವಾದ ಮೊಣಕೈಯ ಚೀಲಕ್ಕೆ ಸುಮಾರು ೨೩ ಮಿಲಿಲೀಟರು ಹಿಡಿಸುತ್ತದೆ. ಅಷ್ಟು ನೀರನ್ನು ಗೋಲವಾಗಿ ಕಟ್ಟಿದರೆ ಅದರ ವ್ಯಾಸ ಮೂರೂವರೆ ಸೆಂಟಿಮೀಟರು. ಒಂದು ಸಣ್ಣ ನಿಂಬೆಹಣ್ಣಿನ ಗಾತ್ರ! ಶಸ್ತ್ರವೈದ್ಯನ ಕಾರ್ಯಕ್ಷೇತ್ರ ಇಷ್ಟೇ. ಚೀಲ ಉಬ್ಬಿದಾಗ ಅದರ ಮುಂಗೋಡೆಯು ತನ್ನ ಹೊರಗಿರುವ ನರಗಳನ್ನು ಮುಂದಕ್ಕೆ ತಳ್ಳುತ್ತದೆ.

ಈ ನೀರಿನ ಒತ್ತಡವನ್ನು ನಾವೇ ಲೆಕ್ಕ ಹಾಕಬಹುದು. ನೀರಿನ ಚೀಲವನ್ನು ಕೀಲಿಗಿಂತ ಒಂದು ಮೀಟರು ಎತ್ತರದಲ್ಲಿ ತೂಗುಹಾಕಿದರೆ, ಎತ್ತರ, ಸಾಂದ್ರತೆ, ಗುರುತ್ವ ಇವುಗಳ ಗುಣಲಬ್ಧವು ಸುಮಾರು ೯೮೦೦ ಪಾಸ್ಕಲ್, ಎಂದರೆ ೭೪ ಮಿಲಿಮೀಟರು ಪಾದರಸದಷ್ಟು. ಅರ್ಧ ಮೀಟರಿಗೆ ಇಳಿಸಿದರೆ ಒತ್ತಡವೂ ಅರ್ಧವಾಗುತ್ತದೆ. ಒತ್ತಡ ಹೆಚ್ಚಾದರೆ ನೀರು ಚೀಲದಿಂದ ಸುತ್ತಲಿನ ಮಾಂಸಕ್ಕೆ ಸೋರಿ ಕೈ ಬಿರುಸಾಗಿ ಊದಿಕೊಳ್ಳುತ್ತದೆ. ಆದುದರಿಂದ ಬೇಕಾದಷ್ಟು ಮಾತ್ರ ತುಂಬುವುದೇ ಜಾಣತನ.

ನಾಲ್ಕನೆಯದು ಕಿಂಡಿಯ ಸ್ಥಾನ. ೧೯೯೫ರಲ್ಲಿ ಪ್ರಕಟವಾದ, ಮೃತದೇಹಗಳ ಮೊಣಕೈಗಳಲ್ಲಿ ಮಾಡಿದ ಅಳತೆಗಳನ್ನು ನೋಡಿ. ಹೊರಮಗ್ಗುಲಿನಲ್ಲಿ ಎಲುಬುಗಂಟಿನ ಕೆಳಗೆ ಕಿಂಡಿ ಮಾಡಿದರೆ ಅಲ್ಲಿಂದ ರೇಡಿಯಲ್ ನರಕ್ಕೆ, ಕೈ ನೀಡಿದಾಗ ಸುಮಾರು ಒಂದೂವರೆ ಮಿಲಿಮೀಟರು ಅಂತರ. ಮಡಿಸಿದಾಗ ಸುಮಾರು ೫ ಮಿಲಿಮೀಟರು. ಕಿಂಡಿಯನ್ನು ಗಂಟಿಗಿಂತ ಮೇಲಕ್ಕೆ ಸರಿಸಿ ಕೈ ಮಡಿಸಿದರೆ ಸುಮಾರು ೧೦ ಮಿಲಿಮೀಟರು. ಒಂದೂವರೆಯಿಂದ ಹತ್ತಕ್ಕೆ! ಹೊಸ ಯಂತ್ರವೊಂದೂ ಇಲ್ಲದೆ, ಬರಿಯ ರೇಖಾಗಣಿತದಿಂದ ಗಳಿಸಿದ ರಕ್ಷಣೆ ಇದು.

ಐದನೆಯದು ಮೊಂಡುತನ. ಚಾಕುವಿನಿಂದ ಚರ್ಮವನ್ನು ಮಾತ್ರ ಸೀಳುತ್ತಾರೆ. ಏಕೆಂದರೆ ಅದರ ಅಡಿಯಲ್ಲಿಯೇ ಚರ್ಮದ ಸ್ಪರ್ಶನರಗಳು ಹರಡಿರುತ್ತವೆ. ಆಮೇಲೆ ಮೊಂಡು ತುದಿಯ ಸಲಾಕೆಯಿಂದ ದಾರಿ ಬಿಡಿಸುತ್ತಾರೆ. ಒಂದೇ ಬಲವನ್ನು ೧೦ ಚದರ ಮಿಲಿಮೀಟರಿನ ತುದಿಯ ಮೇಲೆ ಹಾಕಿದಾಗಿನ ಒತ್ತಡಕ್ಕಿಂತ, ೦.೧ ಚದರ ಮಿಲಿಮೀಟರಿನ ಮೊನೆಯ ಮೇಲೆ ಹಾಕಿದಾಗಿನ ಒತ್ತಡ ನೂರುಪಟ್ಟು. ಮೊನೆಯು ನರವನ್ನು ಕತ್ತರಿಸಿಬಿಡುತ್ತದೆ. ಮೊಂಡು ತುದಿಯು ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತದೆ.

ನೀರಿನ ರಕ್ಷಣೆಗೆ ಇರುವ ಮಿತಿ

ಇಷ್ಟನ್ನು ಓದಿದವರಿಗೆ, ಮಡಿಸಿ ನೀರು ತುಂಬಿದರೆ ನರಗಳೆಲ್ಲ ಕ್ಷೇಮವೆಂದು ತೋರಬಹುದು. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠವು ಇಲ್ಲಿಯೇ ಅಡಗಿದೆ.

೧೯೯೫ರಲ್ಲಿಯೇ ಮಿಲರ್ ಮತ್ತು ಅವರ ಸಂಗಡಿಗರು ಎರಡು ದೂರಗಳನ್ನು ಬೇರೆ ಬೇರೆಯಾಗಿ ಅಳೆದರು. ಒಂದು, ಎಲುಬಿನಿಂದ ನರಕ್ಕೆ. ಇನ್ನೊಂದು, ಕೀಲುಚೀಲದಿಂದ ನರಕ್ಕೆ. ಸಮಕೋನಕ್ಕೆ ಮಡಿಸಿದ ಮೊಣಕೈಗೆ ನೀರು ತುಂಬಿದಾಗ ಎಲುಬಿನಿಂದ ಮೀಡಿಯನ್ ನರದ ದೂರ ೧೨ ಮಿಲಿಮೀಟರಿನಷ್ಟು, ರೇಡಿಯಲ್ ನರದ ದೂರ ೬ ಮಿಲಿಮೀಟರಿನಷ್ಟು ಹೆಚ್ಚಿತು. ಅಲ್ನಾರ್ ನರದ ದೂರ ಹೆಚ್ಚಿದ್ದು ಕೇವಲ ಒಂದು ಮಿಲಿಮೀಟರು. ಆದರೆ ಚೀಲದಿಂದ ನರಕ್ಕಿರುವ ದೂರ ಹೆಚ್ಚುಕಡಮೆ ಬದಲಾಗಲೇ ಇಲ್ಲ!

ಸ್ವಲ್ಪ ಯೋಚಿಸಿದರೆ ಇದು ಸಹಜವೇ. ಬಲೂನಿನ ಮೇಲೆ ಒಂದು ದಾರವನ್ನಿಟ್ಟು ಊದಿದರೆ ದಾರವು ಬಲೂನಿನ ನಡುವಿನಿಂದ ದೂರವಾಗುತ್ತದೆಯೇ ಹೊರತು ಬಲೂನಿನ ಗೋಡೆಯಿಂದಲ್ಲ. ಆದುದರಿಂದ ನೀರು ತುಂಬುವುದು ಒಳಕ್ಕೆ ಪ್ರವೇಶಿಸುವಾಗ ಮತ್ತು ಎಲುಬಿನ ಬಳಿ ಕೆಲಸ ಮಾಡುವಾಗ ರಕ್ಷಣೆ ಕೊಡುತ್ತದೆ. ಚೀಲದ ಗೋಡೆಯನ್ನೇ ಕತ್ತರಿಸುವಾಗ ಕೊಡುವುದಿಲ್ಲ. ಬಿಗಿದುಕೊಂಡ ಮೊಣಕೈಯನ್ನು ಸಡಿಲಿಸಬೇಕಾದರೆ ಕತ್ತರಿಸಬೇಕಾದುದು ಆ ಗೋಡೆಯನ್ನೇ.

ಇನ್ನೊಂದು ತೊಡಕೂ ಉಂಟು. ಬಿಗಿದುಕೊಂಡ ಮೊಣಕೈಯಲ್ಲಿ ಚೀಲವು ದಪ್ಪಗಾಗಿ ಕುಗ್ಗಿರುತ್ತದೆ. ಅದಕ್ಕೆ ೨೩ ಮಿಲಿಲೀಟರು ಹಿಡಿಸುವುದಿಲ್ಲ, ಸ್ವಲ್ಪವೇ ಹಿಡಿಸುತ್ತದೆ. ಉಬ್ಬದ ಚೀಲವು ನರವನ್ನು ದೂರ ತಳ್ಳುವುದಿಲ್ಲ. ಮೊಣಕೈ ಚೆನ್ನಾಗಿರುವವನಿಗೆ ಈ ಉಪಾಯ ಚೆನ್ನಾಗಿ ಒದಗುತ್ತದೆ. ಮಾಲೇಕಲ್ಲಿನ ಹಿರಿಯರಂತಹ, ಶಸ್ತ್ರಕ್ರಿಯೆ ನಿಜವಾಗಿ ಬೇಕಾದವರಿಗೆ ಅದು ಕಡಮೆ ಒದಗುತ್ತದೆ. ಅವರ ಭಯ ನಿರಾಧಾರವಾದುದಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಬಳಪದ ಕಲ್ಲಿನ ವಿಗ್ರಹಗಳ ಆಭರಣಗಳನ್ನು ನೋಡಿದವರಿಗೆ ಈ ಕೆಲಸದ ಸೂಕ್ಷ್ಮ ಅರ್ಥವಾದೀತು. ಶಿಲ್ಪಿಯು ಹಾರದ ಹಿಂದೆ ಉಳಿಯಾಡಿಸಿ ಅದನ್ನು ಮೈಯಿಂದ ಬಿಡಿಸುವಾಗ, ಇನ್ನೆಷ್ಟು ಕಲ್ಲು ಉಳಿದಿದೆಯೆಂಬುದನ್ನು ಕಣ್ಣಿಗಿಂತ ಹೆಚ್ಚಾಗಿ ಕೈಯಿಂದ ಅರಿಯಬೇಕಾಗಿತ್ತು. ಶಸ್ತ್ರವೈದ್ಯನೂ ಗೋಡೆಯ ಆಚೆ ನರವಿರುವ ಜಾಗವನ್ನು ಅರಿತು ಕೆಲಸ ಮಾಡಬೇಕು. ಅದಕ್ಕಾಗಿ ಇನ್ನೊಂದು ಕಿಂಡಿಯಿಂದ ಮೊಂಡು ಸಲಾಕೆಯನ್ನು ತೂರಿಸಿ ಚೀಲವನ್ನೂ ನರವನ್ನೂ ಒತ್ತಿ ಹಿಡಿಯುತ್ತಾರೆ. ಹೀರುವ ಕೊಳವೆಯ ಸೆಳೆತವನ್ನು ನರದ ಬಳಿ ನಿಲ್ಲಿಸುತ್ತಾರೆ. ಅವಶ್ಯವಿದ್ದರೆ ನರವನ್ನೇ ಬಿಡಿಸಿ ಕಣ್ಣೆದುರಿಗಿಟ್ಟುಕೊಂಡು ಮುಂದುವರಿಯುತ್ತಾರೆ. ಹಿಂದೆ ಯಾವುದಾದರೂ ಶಸ್ತ್ರಕ್ರಿಯೆಯಲ್ಲಿ ಅಲ್ನಾರ್ ನರವನ್ನು ಸ್ಥಳಾಂತರಿಸಿದ್ದರೆ, ಕಿಂಡಿಯ ದಾರಿಯನ್ನು ಬಿಟ್ಟು ತೆರೆದು ನೋಡುವುದೇ ಲೇಸಾಗಬಹುದು.

ನರಕ್ಕೆ ಪೆಟ್ಟಾದರೆ

೧೯೪೩ರಲ್ಲಿ ಇಂಗ್ಲೆಂಡಿನ ಸೆಡನ್ ನರಗಳ ಪೆಟ್ಟನ್ನು ಮೂರು ತರಗತಿಗಳಾಗಿ ವಿಂಗಡಿಸಿದನು. ಮೊದಲನೆಯದರಲ್ಲಿ ನರವು ಅಖಂಡವಾಗಿದ್ದು, ಸುದ್ದಿ ಸಾಗಿಸುವುದನ್ನು ಮಾತ್ರ ಕೆಲಕಾಲ ನಿಲ್ಲಿಸುತ್ತದೆ. ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎರಡನೆಯದರಲ್ಲಿ ಒಳತಂತುಗಳು ತುಂಡಾಗಿ, ಹೊದಿಕೆ ಉಳಿದಿರುತ್ತದೆ. ಮೂರನೆಯದರಲ್ಲಿ ನರವೇ ತುಂಡಾಗಿರುತ್ತದೆ; ಅದನ್ನು ಮತ್ತೆ ಹೊಲಿಯಬೇಕು.

ತುಂಡಾದ ತಂತು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಮೊಣಕೈಯಿಂದ ಕಿರುಬೆರಳಿನ ತುದಿಗೆ ಸುಮಾರು ೪೦೦ ಮಿಲಿಮೀಟರು. ಅಂದರೆ ಒಂದು ವರ್ಷಕ್ಕೂ ಮೀರಿದ ಪಯಣ! ಅಷ್ಟು ಕಾಲ ಆಜ್ಞೆಯಿಲ್ಲದೆ ಕುಳಿತ ಅಂಗೈಯ ಸಣ್ಣ ಸ್ನಾಯುಗಳು ಸೊರಗಿ, ನರವು ಬಂದು ಸೇರಿದಾಗಲೂ ಕೆಲಸಕ್ಕೆ ಬಾರದೆ ಹೋಗಬಹುದು. ಕೆಲವು ಮಿಲಿಮೀಟರುಗಳಿಗಾಗಿ ಇಷ್ಟು ಕಷ್ಟಪಡುವುದೇಕೆಂಬುದಕ್ಕೆ ಇದೇ ಉತ್ತರ.

ಹಾಗಾದರೆ ಇಂತಹ ಅಪಾಯ ಎಷ್ಟು ಸಲ ಸಂಭವಿಸುತ್ತದೆ? ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ೨೦೦೧ರಲ್ಲಿ, ೪೪೯ ರೋಗಿಗಳ ೪೭೩ ಶಸ್ತ್ರಕ್ರಿಯೆಗಳ ಫಲಿತಾಂಶವನ್ನು ಪ್ರಕಟಿಸಿದರು. ಹತ್ತು ರೋಗಿಗಳಲ್ಲಿ ನರದ ದೌರ್ಬಲ್ಯ ಕಾಣಿಸಿಕೊಂಡಿತು, ಎಲ್ಲವೂ ತಾತ್ಕಾಲಿಕವಾದುವು. ಸಂಧಿವಾತದ ಒಂದು ಬಗೆಯಾದ ರುಮಟಾಯ್ಡ್ ರೋಗವಿದ್ದವರಲ್ಲಿಯೂ ಮೊಣಕೈ ಬಿಗಿದುಕೊಂಡವರಲ್ಲಿಯೂ ಇದರ ಸಂಭವ ಹೆಚ್ಚೆಂದು ಅವರು ತೋರಿಸಿದರು. ಇದು ನುರಿತ ಕೈಗಳ ಫಲವೆಂಬುದನ್ನು ನೆನಪಿಡಬೇಕು. ನರವು ಪೂರ್ತಿ ತುಂಡಾದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಹಿರಿಯರಿಗೆ ನಾವು ಹೇಳಿದ್ದು

ಇಷ್ಟನ್ನೆಲ್ಲ ತಿಳಿದುಕೊಂಡು ನಾವು ಮತ್ತೊಮ್ಮೆ ಮಾಲೇಕಲ್ಲಿಗೆ ಹೋದೆವು. ಹಿರಿಯರು ಅದೇ ಸ್ಥಳದಲ್ಲಿ ಕುಳಿತಿದ್ದರು. ಶಸ್ತ್ರಕ್ರಿಯೆ ಮಾಡಿಸಿಕೊಳ್ಳಿ ಎಂದಾಗಲಿ, ಬೇಡವೆಂದಾಗಲಿ ಹೇಳುವುದು ನಮ್ಮ ಅಧಿಕಾರವಲ್ಲ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ನನ್ನ ಕೈ ಎಷ್ಟು ಡಿಗ್ರಿ ಬಾಗುತ್ತದೆ, ಎಷ್ಟು ಬಾಗುವ ನಿರೀಕ್ಷೆಯಿದೆ? ಚೀಲದ ಗೋಡೆಯನ್ನು ಕತ್ತರಿಸಬೇಕಾಗುತ್ತದೆಯೇ? ಮೂರು ನರಗಳನ್ನೂ ಶಸ್ತ್ರಕ್ರಿಯೆಗೆ ಮುಂಚೆ ಪರೀಕ್ಷಿಸಿ ಬರೆದಿಡುತ್ತೀರಾ? ಇಂತಹ ಬಿಗಿದ ಮೊಣಕೈಗಳನ್ನು ನೀವು ಎಷ್ಟು ಮಾಡಿದ್ದೀರಿ? ನನಗೆ ಕಿಂಡಿ ಲೇಸೋ, ತೆರೆದು ಮಾಡುವುದು ಲೇಸೋ?

ಎಚ್ಚರವಾದ ಕೂಡಲೆ ಮಾಡಬೇಕಾದ ಮೂರು ಪರೀಕ್ಷೆಗಳನ್ನೂ ತೋರಿಸಿಕೊಟ್ಟೆವು. ಬೆರಳುಗಳನ್ನು ಅಗಲಿಸಿದರೆ ಅಲ್ನಾರ್ ನರ ಕ್ಷೇಮ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಕೂಡಿಸಿ ದುಂಡನೆಯ ಉಂಗುರ ಮಾಡಿದರೆ ಮೀಡಿಯನ್ ನರ ಕ್ಷೇಮ. ಮಣಿಕಟ್ಟನ್ನೂ ಬೆರಳುಗಳನ್ನೂ ಹೆಬ್ಬೆರಳನ್ನೂ ಮೇಲೆತ್ತಿದರೆ ರೇಡಿಯಲ್ ನರ ಕ್ಷೇಮ. ಮರಗಟ್ಟಿಸುವ ಔಷಧಿಯನ್ನು ಕೈಗೇ ಕೊಟ್ಟಿದ್ದರೆ ಈ ಪರೀಕ್ಷೆ ತಡವಾಗುತ್ತದೆ. ಅದಕ್ಕಾಗಿಯೇ ಅನೇಕ ವೈದ್ಯರು ಪೂರ್ತಿ ನಿದ್ರೆ ಬರಿಸುವ ವಿಧಾನವನ್ನೇ ಆರಿಸುತ್ತಾರೆ.

ಜೊತೆಗೆ, ಸುತ್ತ ನಿಂತಿದ್ದ ತೆಂಗಿನ ತೋಟದ ಹುಡುಗರಿಗೆ ಇನ್ನೊಂದು ಮಾತನ್ನೂ ಹೇಳಿದೆವು. ಮೊಣಕೈಗೆ ಪೆಟ್ಟಾದಾಗ ಅದನ್ನು ಬಲವಾಗಿ ನೀವಿಸಬಾರದು. ಹಾಗೆ ಮಾಡುವುದರಿಂದ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಹಿಡಿದುಕೊಳ್ಳುವುದುಂಟು. ಊಟ, ಸ್ನಾನ ಮೊದಲಾದ ನಿತ್ಯದ ಕೆಲಸಗಳಿಗೆ ಮೊಣಕೈಯು ಸುಮಾರು ೩೦ ಡಿಗ್ರಿಯಿಂದ ೧೩೦ ಡಿಗ್ರಿಯವರೆಗೆ ಬಾಗಿದರೆ ಸಾಕು. ಆ ನೂರು ಡಿಗ್ರಿಯನ್ನು ಕಳೆದುಕೊಂಡ ಮೇಲೆ ಮರಳಿ ಪಡೆಯುವ ದಾರಿ ಎಷ್ಟು ಇಕ್ಕಟ್ಟಾದುದೆಂಬುದನ್ನು ಮೇಲೆ ನೋಡಿದೆವು.

ಹಿರಿಯರು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಮೇಷ್ಟ್ರೇ, ಇದುವರೆಗೆ ತೂತು ಎಷ್ಟು ಸಣ್ಣದು ಅಂತ ಮಾತ್ರ ಕೇಳುತ್ತಿದ್ದೆ. ಇನ್ನು ಒಳಗೆ ಏನು ಕುಯ್ಯುತ್ತೀರಿ ಅಂತ ಕೇಳುತ್ತೇನೆ” ಎಂದರು. ಕೇಳಬೇಕಾದುದು ಅದೇ.